ಊರಲ್ಲೇ ಉಚಿತ ಆಪ್ತಸಮಾಲೋಚನಾ ಕೇಂದ್ರ ಬೇಕೇ?

ಬಾಲ್ಯದಲ್ಲಿ ಹಿಂಸೆ, ಲೈಂಗಿಕ ದೌರ್ಜನ್ಯ, ಹೆತ್ತವರ ಅಕಾಲ ಮರಣ ಕಂಡ ಯುವಜನರಿಗಾಗಿ ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲಿ ಸರ್ಕಾರವೇ ಪ್ರತ್ಯೇಕ ಕೇಂದ್ರ ತೆರೆಯಬೇಕೇ?

ಪರ

ತೆರೆಯಲೇಬೇಕು. ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಕೂಡಿ ರೂಪಿಸಿದ ‘ಯುವ ಸ್ಪಂದನ’ ಒಳ್ಳೆಯ ಯೋಜನೆಯೇ. ಆದರೆ ಅದರ ಕೇಂದ್ರಗಳಿರುವುದು ಜಿಲ್ಲಾ ಕ್ರೀಡಾಂಗಣಗಳಲ್ಲಿ. ಬೇಲೂರಿಗಾಗಲಿ ಅರಸೀಕೆರೆಗಾಗಲಿ ಜಿಲ್ಲಾ ಕೇಂದ್ರವಾದ ಹಾಸನ 40 ಕಿ.ಮೀ. ಆಸುಪಾಸು. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯ ಹಳ್ಳಿಯಿಂದ ಹೊರಟವರು ಬಸ್ಸು ಬದಲಿಸಬೇಕು, ಒಂದು ದಿನದ ಕೂಲಿ ಬಿಡಬೇಕು, ಮನೆಯಲ್ಲಿ ಏನಾದರೊಂದು ನೆಪ ಹೇಳಬೇಕು. ಆಪ್ತಸಮಾಲೋಚನೆ ಒಂದು ಸಲಕ್ಕೆ ಮುಗಿಯುವಂಥದ್ದೂ ಅಲ್ಲ. ಇಷ್ಟೆಲ್ಲ ಪಾಡು ಪಟ್ಟು ತಿಂಗಳುಗಟ್ಟಲೆ ಯಾರು ಓಡಾಡಿಯಾರು?

ಈ ಸೀಮೆಯ ಮಕ್ಕಳು ಕಾಣುವ ಸಾವುಗಳೇ ಬೇರೆ. ಅರಸೀಕೆರೆಯ ಬಯಲಿನಲ್ಲಿ ಮಳೆ ಕೈಕೊಡುತ್ತದೆ, ತೆಂಗು ಒಣಗುತ್ತದೆ, ಕೊಳವೆಬಾವಿಗೆ ಮಾಡಿದ ಸಾಲ ಉಳಿಯುತ್ತದೆ. ಬೇಲೂರಿನ ಕಾಫಿ ಸೀಮೆಯಲ್ಲಿ ಕಾಡಾನೆ ದಾಳಿಗೆ ಜನ ಸಾಯುತ್ತಾರೆ. ಸಾಲಕ್ಕೆ ಸಿಕ್ಕಿ ಆತ್ಮಹತ್ಯೆ ಮಾಡಿಕೊಂಡ ರೈತನ ಕುಟುಂಬಕ್ಕೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಆ ಹಣ ಬೇಕೇ ಬೇಕು. ಆದರೆ ಅಪ್ಪನ ಶವ ಕಂಡ ಹುಡುಗ ಕಾಲೇಜಿಗೆ ಬಂದ ಮೇಲೂ ರಾತ್ರಿ ಬೆಚ್ಚಿ ಏಳುವುದನ್ನು ಆ ಹಣ ನಿಲ್ಲಿಸದು. ಬಾಲ್ಯದಲ್ಲಿ ಇಂಥ ಅನುಭವಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಆತ್ಮಹತ್ಯಾ ಯತ್ನ, ಹೃದ್ರೋಗ ಕೂಡ ಹೆಚ್ಚು ಎಂದು ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1998ರಲ್ಲೇ ತೋರಿಸಿಕೊಟ್ಟರು. ಈಗ ಉಳಿಸಿದ ಖರ್ಚು ಮುಂದೆ ಆಸ್ಪತ್ರೆಯಲ್ಲಿ ಬಡ್ಡಿ ಸಮೇತ ಬರುತ್ತದೆ.

ವಿರೋಧ

ನೆರವು ಉಚಿತವಾಗಿರಲಿ. ಪ್ರತ್ಯೇಕ ಕೇಂದ್ರ ಬೇಡ. ಹಳೇಬೀಡಿನಂಥ ಸಣ್ಣ ಊರಲ್ಲಿ ‘ಆಪ್ತಸಮಾಲೋಚನಾ ಕೇಂದ್ರ’ ಎಂಬ ಬೋರ್ಡಿನ ಕೆಳಗೆ ಯಾರ ಮಗಳು ಕಾಲಿಟ್ಟಳು ಎಂಬುದು ಸಂಜೆಯೊಳಗೆ ಮನೆಗೆ ಮುಟ್ಟಿರುತ್ತದೆ. ಮದುವೆ ಮಾತುಕತೆ ಮುರಿಯುವುದು ಒಂದು ಭಯ. ಹಿಂಸೆ ಕೊಟ್ಟವನು ಮನೆಯವನೇ ಆಗಿದ್ದರೆ ಆಕೆಯ ಜೀವಕ್ಕೇ ಅಪಾಯ.

ಅಲ್ಲಿ ಕೂರುವವರು ಯಾರು? ಗುತ್ತಿಗೆಯ ಮೇಲೆ ಬಂದವರು ಬೇರೆ ಕೆಲಸ ಸಿಕ್ಕೊಡನೆ ಹೊರಡುತ್ತಾರೆ. ಹೊಸಬರ ಮುಂದೆ ಆ ಹುಡುಗಿ ಅದನ್ನೆಲ್ಲ ಮತ್ತೆ ಮೊದಲಿನಿಂದ ಹೇಳಬೇಕು. ಆಘಾತವಾದವರನ್ನು ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಇನ್ನು 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, 18 ತುಂಬದವರ ಮೇಲಾದ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಕಾಯ್ದೆ ಸರಿಯೇ ಇದೆ. ಆದರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಟ್ಟು ಮಾರನೆಯ ದಿನ ಪೊಲೀಸರನ್ನು ಕರೆತರುವ ಅರೆತರಬೇತಿಯವರಿಂದ ಆ ಮಗು ಇನ್ನೆಂದೂ ಬಾಯಿ ಬಿಡದಂತಾಗುತ್ತದೆ.

ಹದಿಹರೆಯದವರಿಗೆ ಸರ್ಕಾರದ ‘ಸ್ನೇಹ ಕ್ಲಿನಿಕ್’ ಈಗಾಗಲೇ ಇದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಇದೆ. ಹಣವನ್ನು ಅಲ್ಲಿ ಹಾಕಿ. ಆಸ್ಪತ್ರೆಗೆ ಜ್ವರಕ್ಕೂ ಹೋಗುತ್ತಾರೆ; ಯಾಕೆ ಹೋದೆ ಎಂದು ಯಾರೂ ಕೆದಕುವುದಿಲ್ಲ.

ನನ್ನ ಅಭಿಪ್ರಾಯ

ದೂರದ ವಿಷಯದಲ್ಲಿ ಪರ ವಾದ ಗೆಲ್ಲುತ್ತದೆ, ಗುಟ್ಟಿನ ವಿಷಯದಲ್ಲಿ ವಿರೋಧ. ಎರಡರಲ್ಲಿ ನನಗೆ ಗುಟ್ಟೇ ದೊಡ್ಡದು. ಹಾಗಾಗಿ ಹೊಸ ಕಟ್ಟಡ ಬೇಡ. ಮೂರೂ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಾಗಿಲು ಮುಚ್ಚುವ ಒಂದು ಕೋಣೆ, ಕಾಯಂ ನೇಮಕವಾದ, ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕಿ ಇರಲಿ. ಜಿಲ್ಲಾಡಳಿತ ಇಷ್ಟನ್ನು ಮೊದಲು ಮಾಡಲಿ.

ಅಲ್ಲಿಯವರೆಗೆ ಯಾರೂ ಒಬ್ಬರೇ ನವೆಯಬೇಕಿಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅಪಾಯದಲ್ಲಿರುವುದು ಮಗುವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.