ತಾಯಿಮರ ಯಾವುದು?

ಹೆಬ್ಬಾಳ ದಾಟಿ ಯಲಹಂಕದತ್ತ ಹೊರಟ ಬಸ್ಸಿನಲ್ಲಿ ಕೂತವರಿಗೆ ಜಿಕೆವಿಕೆ ಎಂದರೆ ರಾಗಿ, ತೊಗರಿ, ಕೃಷಿ ಮೇಳ. ಕಾಡುಮರಗಳ ವಂಶವಾಹಿಯ ಲೆಕ್ಕವೂ ಅದೇ ಆವರಣದಲ್ಲಿ ನಡೆದಿದೆ. ಕನ್ನಡಿಗರಿಗೆ ಕಾದಂಬರಿಕಾರರಾಗಿಯೇ ಹೆಚ್ಚು ಪರಿಚಿತರಾದ ಕೆ.ಎನ್. ಗಣೇಶಯ್ಯ, ಜೊತೆಗಾರ ವಿಜ್ಞಾನಿ ಆರ್. ಉಮಾಶಂಕರ್ ಅವರೊಡನೆ 1997ರಲ್ಲಿ ಬೆಟ್ಟದ ನೆಲ್ಲಿಯನ್ನು ಮುಂದಿಟ್ಟುಕೊಂಡು ‘ಅರಣ್ಯ ಜೀನ್ ಬ್ಯಾಂಕ್’ ಎಂಬ ಪ್ರಸ್ತಾಪ ಮಾಡಿದರು. ಬೀಜವನ್ನು ಶೀತಲ ಕೋಣೆಯಲ್ಲಿ ಮುಚ್ಚಿಡುವ ಬದಲು, ಬೇರೆ ಬೇರೆ ಕಾಡುಗಳ ಸಸಿಗಳನ್ನು ಆಯ್ದ ಒಂದು ಕಾಡಿಗೇ ಸೇರಿಸಿ, ಅಲ್ಲಿ ಅವು ತಾವಾಗಿ ಬೆರೆಯಲಿ ಎಂಬುದು ಅದರ ತಿರುಳು.

ಈ ಮಾತು ಹೆಚ್ಚು ಒಪ್ಪುವುದು ಉತ್ತರ ಕನ್ನಡದ ರಾಂಪತ್ರೆ ಜಡ್ಡಿಗಳಿಗೆ, ಅಂದರೆ ರಾಂಪತ್ರೆ ಮರಗಳ ಜೌಗುಕಾಡುಗಳಿಗೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ವರ್ಷವಿಡೀ ನೀರು ಜಿನುಗುವ ಕಪ್ಪು ಕೆಸರು. ಅದರಿಂದ ಮಂಡಿ ಮಡಚಿದಂತೆ ಮೇಲೆದ್ದು ಮತ್ತೆ ಕೆಸರಿಗಿಳಿಯುವ ಉಸಿರುಬೇರುಗಳು. ಸುತ್ತ ಅಡಿಕೆ ತೋಟ, ಗದ್ದೆ, ರಸ್ತೆ ಬಂದಂತೆ ಒಂದೊಂದು ಜಡ್ಡಿಯೂ ದ್ವೀಪವಾಯಿತು. ಗೇರಿನ ಬಳಗದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಲೋಕಕ್ಕೆ ಪರಿಚಯಿಸಿದ್ದು 2000ದಲ್ಲಿ. ಊರಿನ ಹೆಸರು ಹೊತ್ತ ಈ ಮರ ಆಗಲೇ ಅಳಿವಿನಂಚಿನಲ್ಲಿತ್ತು. ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಒಂದು ಜಡ್ಡಿಯಲ್ಲಿ ಹೆಣ್ಣುಮರವಷ್ಟೇ ಉಳಿದರೆ ಹೂವೆಲ್ಲ ದಂಡ.

ನಿಜವಾದ ದ್ವೀಪದ್ದೂ ಇದೇ ಪಾಡು. ಹಿಂದೂ ಮಹಾಸಾಗರದ ರಾಡ್ರಿಗಸ್‌ನಲ್ಲಿ ಕಾಫಿ ಕುಟುಂಬದ ‘ಕೆಫೆ ಮರೋನ್’ ಒಂದೇ ಒಂದು ಗಿಡ ಉಳಿದಿತ್ತು. ಅದರ ಕಡ್ಡಿಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಒಯ್ದು ಬೇರು ಬರಿಸಿದರು. ಹೂವೇನೋ ಬಿಟ್ಟವು, ಬೀಜ ಮಾತ್ರ ವರ್ಷಗಟ್ಟಲೆ ಕಟ್ಟಲಿಲ್ಲ. ಗಿಡ ಎಷ್ಟಾದರೇನು, ಎಲ್ಲವೂ ಅದೊಂದೇ ಗಿಡದ ಪಡಿಯಚ್ಚು!

ನಮ್ಮ ವನಮಹೋತ್ಸವಗಳಲ್ಲಿ ಮಾತ್ರ ನೆಟ್ಟ ಸಸಿಗಳ ಸಂಖ್ಯೆಯದೇ ದರ್ಬಾರು. ಕೈಗೆಟುಕುವ ಒಂದೇ ಮರದಡಿ ಬೀಜ ಆರಿಸಿ ಸಾವಿರ ಸಸಿ ಬೆಳೆಸುವುದು ಸುಲಭ; ಹಾಗೆ ಬೆಳೆದದ್ದು ಒಡಹುಟ್ಟಿದವರ ತೋಪು. ಮುಂದಿನ ತಲೆಮಾರಿಗೆ ಸಂಬಂಧ ಹುಡುಕುವುದು ಎಲ್ಲಿಂದ? ಹೊಂಗೆ, ಬೇವಿಗೆ ಇದು ಅಷ್ಟು ದೊಡ್ಡ ಅಪಾಯವಲ್ಲ, ಬೆರಳೆಣಿಕೆಯ ಜಡ್ಡಿಗಳಲ್ಲಿ ಉಳಿದ ಮರಕ್ಕೆ ಪ್ರಾಣಸಂಕಟ.

ಆದ್ದರಿಂದ ನರ್ಸರಿಯ ಪ್ರತಿ ಚೀಲಕ್ಕೂ ಚೀಟಿ ಬೇಕು: ಯಾವ ಜಡ್ಡಿ, ಯಾವ ತಾಯಿಮರ, ಯಾವಾಗ ಆರಿಸಿದ ಬೀಜ. ಡಿಎನ್‌ಎ ಪರೀಕ್ಷೆಗೆ ದುಡ್ಡಿಲ್ಲದ ಕಡೆಯೂ ಇಷ್ಟು ಬರೆದಿಡಲು ಅಡ್ಡಿಯೇನಿಲ್ಲ. ಹೂ ಬಿಡುವವರೆಗೆ ಸಸಿ ಗಂಡೋ ಹೆಣ್ಣೋ ನೋಡಿ ಹೇಳಲಾಗದು. ಹಾಗಾಗಿ ಅಲ್ಲೊಂದು ಇಲ್ಲೊಂದು ನೆಡದೆ, ಬೇರೆ ಬೇರೆ ತಾಯಿಮರದ ಸಸಿಗಳನ್ನು ಒಂದೇ ಜಡ್ಡಿಯಲ್ಲಿ ಗುಂಪಾಗಿ ನೆಡಬೇಕು.