ತ್ರಿಪದಿಗೆ ಅಪ್ಪನನ್ನ ಹುಡುಕಬೇಡಿ

'ತ್ರಿಪದಿ ಕಂಡುಹಿಡಿದವನು ಸರ್ವಜ್ಞ' ಅನ್ನೋ ಫಾರ್ವರ್ಡ್ ನವೆಂಬರ್ ಬಂತು ಅಂದ್ರೆ ಆಫೀಸಿನ ಕನ್ನಡ ಗ್ರೂಪಿಗೂ ಬಂದೇ ಬರುತ್ತೆ. ಚಪ್ಪಾಳೆ ಎಮೋಜಿ ಒತ್ತೋ ಮುಂಚೆ ಸ್ವಲ್ಪ ಲೆಕ್ಕ ನೋಡಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದ್ದು, ಅದರಲ್ಲಿ ತ್ರಿಪದಿಗಳಿವೆ. ಸರ್ವಜ್ಞ ಹುಟ್ಟಿದ್ದು ಅದಾಗಿ ಎಷ್ಟೋ ಶತಮಾನಗಳ ಮೇಲೆ.

ಹಾಗಾದ್ರೆ ಶಾಸನ ಬರೆದವನೇ ಮೊದಲಿಗನಾ? ಅದೂ ಅನುಮಾನ. ಬಂಡೆ ಮೇಲಿನ ತ್ರಿಪದಿ ತೊದಲುತ್ತಿಲ್ಲ, ಆಗಲೇ ಪಳಗಿದೆ. ಇನ್ನು ಛಂದಸ್ಸನ್ನೇ ನೋಡಿ. ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದದ್ದೆಲ್ಲ ವಿಷ್ಣು. 10ನೇ ಶತಮಾನದ ಕೊನೆಗೆ ನಾಗವರ್ಮ 'ಛಂದೋಂಬುಧಿ'ಯಲ್ಲಿ ಇದನ್ನ ಕನ್ನಡದ್ದೇ ಆದ ಮಟ್ಟುಗಳ ಜೊತೆ ಇಟ್ಟ. ಇವು ಅಂಶಗಣಗಳು. ಒಂದೇ ಗಣಕ್ಕೆ ಹಲವು ರೂಪ, ಅಕ್ಷರ ಹೆಚ್ಚುಕಮ್ಮಿ ಆದ್ರೂ ಎಳೆದೋ ಒತ್ತಿಯೋ ಸರಿದೂಗಿಸ್ತೀವಿ. ಅಂಥ ಸಡಿಲ ಕಾಗದದಲ್ಲಿ ಹುಟ್ಟಲ್ಲ, ಗಂಟಲಲ್ಲಿ ಹುಟ್ಟುತ್ತೆ. ಬೀಸೋ ಕಲ್ಲಿನ ಮುಂದೆ ಹೆಂಗಸರು ಹಾಡಿದ್ದೂ ಇದೇ ಮಟ್ಟನ್ನ.

'ಮೊದಲು ಹಾಡಿದ್ದು ಹೆಂಗಸರೇ ಅನ್ನೋಕೆ ಸಾಕ್ಷಿ ಎಲ್ಲಿ?' ಅಂತೀರಾ? ಬರೆಯೋಕೆ ಬಾರದವರ ಹತ್ರ ಶಾಸನ ಕೇಳೋದು ಯಾವ ನ್ಯಾಯ ಸ್ವಾಮಿ? ಮೊದಲು ಕಟ್ಟಿದ್ದು ಒಬ್ಬ ಕವಿ ಅನ್ನೋಕೂ ನಿಮ್ಮ ಹತ್ರ ಸಾಕ್ಷಿ ಇಲ್ಲ. ಆದ್ರೂ ಅನುಮಾನದ ಲಾಭ ಯಾವಾಗಲೂ ಲೇಖನಿ ಹಿಡಿದವನಿಗೇ.

ಚೀನಾದಲ್ಲೂ ಇದೇ ಪಾಡು. 'ತ್ಸ' ಅನ್ನೋ ಹಾಡುಗವಿತೆ ಸೋಂಗ್ ಕಾಲದ ಪಂಡಿತರ ಹೆಮ್ಮೆಯಾಗಿತ್ತು. 1900ರಲ್ಲಿ ಡುನ್‌ಹುವಾಂಗ್‌ನ ಗುಹೆಯೊಂದರಲ್ಲಿ ಸಿಕ್ಕ ಹಸ್ತಪ್ರತಿಗಳಲ್ಲಿ, ಅವರಿಗಿಂತ ಮುಂಚಿನ, ಹೆಸರಿಲ್ಲದವರ ಅದೇ ಬಗೆಯ ಹಾಡುಗಳಿದ್ದವು. ನಮ್ಮ ಹೆಂಗಸರ ಹಾಡಿಗೆ ಅಂಥ ಗುಹೆ ಇಲ್ಲ.

ಸರ್ವಜ್ಞನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು 'ಸಾಂಪ್ರದಾಯಿಕ' ಅನ್ನೋ ಒಂದು ಪದದ ಮೇಲೆ. ಫ್ಯೂಷನ್ ಆಲ್ಬಮ್ಮಲ್ಲಿ ಗಿಟಾರ್ ನುಡಿಸಿದವನಿಗೆ ಹೆಸರಿದೆ, ಮಿಕ್ಸಿಂಗ್ ಮಾಡಿದವನಿಗೂ ಇದೆ. ಹಾಡು ಕೊಟ್ಟವಳು ಮಾತ್ರ 'ಸಾಂಪ್ರದಾಯಿಕ'. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದು ದೊಡ್ಡ ಉಪಕಾರ ಮಾಡಿದರು. ಆದ್ರೆ ಗೆಳೆಯರ ಹೆಸರು ಹೇಳೋ ನಾವು ಒಬ್ಬ ಗರತಿಯ ಹೆಸರು ಹೇಳ್ತೀವಾ?

ಸಾವಿರದ ಮುನ್ನೂರು ವರ್ಷದ ಹಿಂದಿನವಳ ಹೆಸರು ಇನ್ನು ಸಿಗಲ್ಲ. ಇವತ್ತಿನವಳದ್ದು ಸಿಗುತ್ತೆ. ಬೆಂಗಳೂರಿಂದ ವೀಕೆಂಡಿಗೆ ನಂದಿಬೆಟ್ಟಕ್ಕೆ ಹೋಗ್ತೀರಲ್ಲ, ಇನ್ನೊಂದಿಷ್ಟು ದೂರ ಹೋದ್ರೆ ಶಿಡ್ಲಘಟ್ಟ, ಆಮೇಲೆ ದಿಬ್ಬೂರಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನೋ ಸೀಮೆ ಅದು. ಇಲ್ಲಿನ ಅಜ್ಜಿಯ ಹಾಡಲ್ಲಿ ಎರಡೂ ಬೆರೆತ್ರೆ 'ಶುದ್ಧ ಕನ್ನಡ' ಹುಡುಕೋರು ರೆಕಾರ್ಡರ್ ಆಫ್ ಮಾಡಬಾರದು. ರಾಗಿಕಲ್ಲು ಮೂಲೆ ಸೇರಿದೆ, ಹಾಡೋರು ವರ್ಷವರ್ಷಕ್ಕೂ ಕಮ್ಮಿ ಆಗ್ತಿದ್ದಾರೆ.

ರೆಕಾರ್ಡ್ ಮಾಡಿ. ಅವರು ಒಪ್ಪಿದ್ರೆ ಫೈಲಿಗೆ ಅವರ ಹೆಸರನ್ನೇ ಇಡಿ. ಹಾಡಿಂದ ದುಡ್ಡು ಬಂದ್ರೆ ಪಾಲನ್ನೂ ಕೊಡಿ. ಇಷ್ಟು ಮಾಡಲಾಗದವರು ನವೆಂಬರಿನಲ್ಲಿ ಕನ್ನಡದ ಹಿರಿಮೆ ಫಾರ್ವರ್ಡ್ ಮಾಡೋದನ್ನಾದ್ರೂ ನಿಲ್ಲಿಸಿ.