ವರ ಕೊಡದ ಪೂಜಾರಿ: ಗಿಟಾರ್ ಪೆಡಲಿನ ಜ್ಯಾಕ್

ಪಿಯುಸಿ ಓದುವ ಹುಡುಗನೊಬ್ಬ ಕೈಖರ್ಚಿನ ಹಣ ಉಳಿಸಿ, ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ಒರಟಾಗಿಸುವ ಫಜ್ ಪೆಡಲ್ ಒಂದನ್ನು ತಾನೇ ಜೋಡಿಸಿದನೆನ್ನಿ. ಮನೆಯಲ್ಲಿ ಅದು ಚೆನ್ನಾಗಿಯೇ ನುಡಿಯಿತು. ಕಾಲೇಜು ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಕಾಲಿನಿಂದ ಗುಂಡಿ ಒತ್ತಿದ್ದೇ ತಡ, ಕರಕರ ಎಂದು ಸದ್ದು ಮಾಡಿ ಸುಮ್ಮನಾಯಿತು. ಅಂದು ರಾತ್ರಿ ಹುಡುಗ ಡಬ್ಬಿ ಬಿಚ್ಚಿ ಒಂದಾದ ಮೇಲೊಂದರಂತೆ ಟ್ರಾನ್ಸಿಸ್ಟರುಗಳನ್ನು ಕಿತ್ತು ಬದಲಿಸಿದ. ಬೆಸುಗೆಯ ಕಾವಿಗೆ ಬೋರ್ಡಿನ ತಾಮ್ರದ ಪಟ್ಟಿಯೂ ಎದ್ದುಬಂತು. “ಇದೆಲ್ಲ ಇನ್ನು ಸಾಕು, ಪುಸ್ತಕ ಹಿಡಿ” ಎಂದರು ತಂದೆ. ನಿಜವಾಗಿ ಟ್ರಾನ್ಸಿಸ್ಟರುಗಳು ಯಾವ ತಪ್ಪನ್ನೂ ಮಾಡಿರಲಿಲ್ಲ. ದೋಷವಿದ್ದುದು ಗಿಟಾರಿನ ಕೇಬಲ್ ಬಂದು ಸೇರುವ ಜ್ಯಾಕಿನೊಳಗಿನ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಗಿಟಾರಿನ ಪೆಡಲ್ ಬಹಳ ಸರಳವಾದ ಉಪಕರಣ. ಅಮೆರಿಕದ ಗಿಬ್ಸನ್ ಕಂಪನಿ 1962ರಲ್ಲಿ ಮಾರುಕಟ್ಟೆಗೆ ತಂದ ‘ಮೆಸ್ಟ್ರೊ ಫಜ್ ಟೋನ್’ ಎಂಬ ಪೆಡಲಿನಲ್ಲಿ ಇದ್ದದ್ದು ಮೂರೇ ಜರ್ಮೇನಿಯಂ ಟ್ರಾನ್ಸಿಸ್ಟರ್. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಹಾಡೊಂದರಿಂದ ಅದರ ದನಿ ಲೋಕಕ್ಕೆಲ್ಲ ಪರಿಚಯವಾಯಿತು. ಇಂಥ ಮಂಡಲಗಳನ್ನು ವಿದ್ಯಾರ್ಥಿಗಳು ಮನೆಯಲ್ಲೇ ಜೋಡಿಸಬಹುದು. 9 ವೋಲ್ಟಿನ ಬ್ಯಾಟರಿಯಿಂದ ನಡೆಯುವುದರಿಂದ ಶಾಕ್ ಹೊಡೆಯುವ ಭಯವೂ ಇಲ್ಲ. ಆದರೆ ಬೋರ್ಡಿನ ಮೇಲಿನ ಬಿಡಿಭಾಗಗಳು ಒಮ್ಮೆ ಕುಳಿತರೆ ಅಲುಗಾಡುವುದಿಲ್ಲ. ಜ್ಯಾಕ್ ಮಾತ್ರ ದಿನವೂ ಎಳೆತ, ತುಳಿತ, ತಿರುಚುಗಳನ್ನು ತಾಳಬೇಕು. ಆದ್ದರಿಂದ ಪೆಡಲಿನಲ್ಲಿ ಮೊದಲು ಸೋಲುವ ಭಾಗಗಳಲ್ಲಿ ಅದೂ ಒಂದು.

ಗಿಟಾರಿಗೆ ಬಳಸುವ ಜ್ಯಾಕಿನ ಅಳತೆ ಕಾಲು ಇಂಚು, ಅಂದರೆ 6.35 ಮಿ.ಮೀ. ನಮ್ಮ ಅಂಗಡಿಗಳಲ್ಲಿ ಇದನ್ನು ‘ಪಿ-38’ ಎಂದೂ ಕೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ಹುಟ್ಟಿದ ವಂಶ ಇದರದು. ಕೇಂದ್ರದ ಸಿಬ್ಬಂದಿ ದಿನಕ್ಕೆ ನೂರಾರು ಸಲ ಪ್ಲಗ್ ಚುಚ್ಚಿ ತೆಗೆಯುತ್ತಿದ್ದರು. ಪ್ಲಗ್ಗಿನ ತುದಿಯಲ್ಲಿ ಸಂಕೇತ ಹರಿಯುತ್ತದೆ, ಉದ್ದನೆಯ ಬುಡಭಾಗ ಗ್ರೌಂಡ್. ಇವೆರಡರ ನಡುವೆ ಇನ್ನೊಂದು ಉಂಗುರವಿದ್ದರೆ ಅದು ಸ್ಟೀರಿಯೊ, ಇಲ್ಲದಿದ್ದರೆ ಮೊನೊ.

ಗಿಟಾರಿನ ತಂತಿ ಮಿಡಿದಾಗ ಪಿಕಪ್ಪಿನ ಸುರುಳಿಯಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯಿಂದ ಹುಟ್ಟುವ ವಿಭವಾಂತರ ಸಾಮಾನ್ಯವಾಗಿ ಕೆಲವು ನೂರು ಮಿಲಿವೋಲ್ಟ್ ಮಾತ್ರ. ಅನೇಕ ಪೆಡಲುಗಳ ಒಳಬಾಗಿಲಿನ ರೋಧ 10 ಲಕ್ಷ ಓಮ್‌ನಷ್ಟು ಇರುವುದರಿಂದ, ಜ್ಯಾಕಿನಲ್ಲಿ ಒಂದೆರಡು ಓಮ್ ಹೆಚ್ಚಾದರೆ ಕಿವಿಗೆ ಗೊತ್ತಾಗದು. ಆದರೆ ಸಂಪರ್ಕ ಕ್ಷಣಕ್ಷಣಕ್ಕೂ ಕಡಿದು ಕೂಡಿದರೆ ಅದೇ ಕರಕರ ಸದ್ದು. ಗ್ರೌಂಡಿನ ಸಂಪರ್ಕ ತಪ್ಪಿದರೆ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ. ಇವೆರಡನ್ನೂ ಕೇಳಿದೊಡನೆ ಮೊದಲು ಸಂದೇಹಪಡಬೇಕಾದುದು ಕೇಬಲ್ ಮತ್ತು ಜ್ಯಾಕನ್ನು.

ಒಳಬರುವ ಜ್ಯಾಕಿಗೆ ಇನ್ನೊಂದು ಹೊಣೆಯೂ ಇದೆ. ಬ್ಯಾಟರಿ ಬಳಸುವ ಪೆಡಲಿನಲ್ಲಿ ಅಲ್ಲಿ ಸ್ಟೀರಿಯೊ ಜ್ಯಾಕ್ ಹಾಕಿ, ಬ್ಯಾಟರಿಯ ಋಣ ತುದಿಯನ್ನು ಉಂಗುರದ ಪಟ್ಟಿಗೆ ಜೋಡಿಸುತ್ತಾರೆ. ಮೊನೊ ಪ್ಲಗ್ ಒಳಹೊಕ್ಕಾಗ ಅದರ ಉದ್ದನೆಯ ಬುಡ ಉಂಗುರದ ಪಟ್ಟಿಯನ್ನೂ ಗ್ರೌಂಡನ್ನೂ ಒಂದುಗೂಡಿಸುತ್ತದೆ. ಪೆಡಲಿಗೆ ಜೀವ ಬರುತ್ತದೆ. ಪ್ಲಗ್ ತೆಗೆದರೆ ಬ್ಯಾಟರಿ ಬಂದ್. ಆ ಜಾಗದಲ್ಲಿ ಮೊನೊ ಜ್ಯಾಕ್ ಹಾಕಿದರೆ ಈ ಅನುಕೂಲ ತಪ್ಪುತ್ತದೆ. ಉಂಗುರದ ಪಟ್ಟಿ ಸಡಿಲವಾದರೆ ಇಡೀ ಪೆಡಲ್ಲೇ ಆಗಾಗ ಸಾಯುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಜ್ಯಾಕುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಲೋಹದ ಪಟ್ಟಿಗಳು ಕಣ್ಣಿಗೆ ಕಾಣುವ ತೆರೆದ ಜ್ಯಾಕ್. ಅಮೆರಿಕದ ಸ್ವಿಚ್‌ಕ್ರಾಫ್ಟ್ ಕಂಪನಿಯ 11 (ಮೊನೊ) ಮತ್ತು 12ಬಿ (ಸ್ಟೀರಿಯೊ) ಇದಕ್ಕೆ ಹೆಸರಾಂತ ಮಾದರಿಗಳು. ಪ್ಲಗ್ ಹೊಕ್ಕಾಗಲೆಲ್ಲ ಪಟ್ಟಿ ಅದನ್ನು ಉಜ್ಜುವುದರಿಂದ ಸಂಪರ್ಕದ ಜಾಗ ತಕ್ಕಮಟ್ಟಿಗೆ ತಾನೇ ಶುಚಿಯಾಗುತ್ತದೆ. ಪಟ್ಟಿ ಸಡಿಲವಾದರೆ ಮೆಲ್ಲನೆ ಬಾಗಿಸಿ ಸರಿಪಡಿಸಬಹುದು. ಆದರೆ ಪ್ಲಗ್ ಹಾಕಿದಾಗ ಪಟ್ಟಿ ಹೊರಕ್ಕೆ ಸರಿದು ಡಬ್ಬಿಯ ಗೋಡೆಗೋ ಬೋರ್ಡಿಗೋ ತಾಗಬಹುದು. ಆದ್ದರಿಂದ ರಂಧ್ರ ಕೊರೆಯುವ ಮೊದಲೇ ಪ್ಲಗ್ ಚುಚ್ಚಿಟ್ಟು ಜಾಗ ಅಳೆಯಬೇಕು.

ಎರಡನೆಯದು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅಡಗಿದ ಜ್ಯಾಕ್. ಇಕ್ಕಟ್ಟಾದ ಡಬ್ಬಿಯಲ್ಲಿ ಇದು ಸುರಕ್ಷಿತ, ಯಾವುದಕ್ಕೂ ತಾಗದು. ಆದರೆ ಪಟ್ಟಿ ಸೋತರೆ ಸರಿಪಡಿಸುವುದು ಕಷ್ಟ, ಬದಲಿಸುವುದೇ ದಾರಿ. ಇದರ ಕುತ್ತಿಗೆಯೂ ಪ್ಲಾಸ್ಟಿಕ್ಕಿನದಾಗಿದ್ದರೆ ಲೋಹದ ಡಬ್ಬಿಗೆ ಗ್ರೌಂಡ್ ತಾನಾಗಿ ಸಿಗದು. ಬೇರೆ ವೈರ್ ಎಳೆಯಬೇಕು. ಮೂರನೆಯದು ನೇರವಾಗಿ ಬೋರ್ಡಿಗೆ ಬೆಸೆಯುವ ಬಗೆ. ಇಲ್ಲಿ ನಟ್ಟನ್ನು ಡಬ್ಬಿಗೆ ಬಿಗಿಯಾಗಿ ಕೂರಿಸದಿದ್ದರೆ ಕೇಬಲಿನ ಎಳೆತವೆಲ್ಲ ಬೆಸುಗೆಯ ಮೇಲೆ ಬಿದ್ದು ಅದು ಬಿರುಕು ಬಿಡುತ್ತದೆ. ಮೊದಲ ಪೆಡಲ್ ಕಟ್ಟುವವರು ಜಾಗವಿದ್ದರೆ ತೆರೆದ ಲೋಹದ ಜ್ಯಾಕನ್ನೇ ಆರಿಸುವುದು ಜಾಣತನ. ಕೆಟ್ಟರೆ ಕಾರಣ ಕಣ್ಣಿಗೆ ಕಾಣುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳಲು ಹೋಗುವಾಗ ಸ್ವಂತ ಕೇಬಲ್ ಜೊತೆಗಿರಲಿ. ಪ್ಲಗ್ ಚುಚ್ಚಿದಾಗ ಕೊನೆಯಲ್ಲಿ ‘ಟಕ್’ ಎಂದು ಕೂರಬೇಕು. ಜ್ಯಾಕನ್ನು ಕೇಬಲಿನ ತುದಿಗೆ ತೂಗುಬಿಟ್ಟರೆ ಬೀಳಬಾರದು. ಇಪ್ಪತ್ತು ಸಲ ಹಾಕಿ ತೆಗೆದ ಮೇಲೂ ಹಿಡಿತ ಹಾಗೆಯೇ ಇರಬೇಕು. ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನದಲ್ಲಿಟ್ಟು, ಒಂದು ಕಡ್ಡಿಯನ್ನು ಕೇಬಲಿನ ಆಚೆ ತುದಿಯ ಪ್ಲಗ್ಗಿಗೂ ಇನ್ನೊಂದನ್ನು ಜ್ಯಾಕಿನ ಕಾಲಿಗೂ ಹಿಡಿದು ಪ್ಲಗ್ಗನ್ನು ತಿರುಗಿಸಿ, ಅಲುಗಿಸಿ ನೋಡಬೇಕು. ಸದ್ದು ತುಂಡಾದರೆ, ಕೇಬಲ್ ಸರಿಯಿದೆಯೇ ಎಂದು ಖಾತ್ರಿಪಡಿಸಿಕೊಂಡು ಆ ಜ್ಯಾಕನ್ನು ಅಲ್ಲೇ ಹಿಂತಿರುಗಿಸಬೇಕು.

ಕೂರಿಸುವಾಗ ಹಲ್ಲಿನ ವಾಷರ್ ಮರೆಯಬಾರದು. ನಟ್ಟು ಸಡಿಲವಾದರೆ ಜ್ಯಾಕ್ ತಿರುಗಿ ಒಳಗಿನ ವೈರುಗಳು ಹರಿಯುತ್ತವೆ. ಒಂಟಿ ಎಳೆಗಿಂತ ಹಲವು ಎಳೆಗಳ ವೈರ್ ಬಾಗುವಿಕೆಯನ್ನು ಹೆಚ್ಚು ತಾಳುತ್ತದೆ. ಕಿಲುಬು ಬಂತೆಂದು ಉಪ್ಪುಕಾಗದ ಹಾಕಿ ತಿಕ್ಕಿದರೆ ಮೇಲಿನ ನಿಕ್ಕಲ್ ಲೇಪ ಹೋಗಿ ಮತ್ತಷ್ಟು ಬೇಗ ಕಿಲುಬು ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಬಳಸುವುದು ಲೇಸು.

ಒಂದು ಪೆಡಲಿಗೆ ಬೇಕಾದುದು ಎರಡೇ ಜ್ಯಾಕ್. ಅಷ್ಟರಲ್ಲಿ ಜಿಪುಣತನ ತೋರದಂತೆ ಪಾಲಕರು ಮಕ್ಕಳಿಗೆ ಹೇಳಬೇಕು. ಇನ್ನೂ ಮುಖ್ಯವಾದ ಮಾತೆಂದರೆ, ಯಂತ್ರ ಮೌನವಾದಾಗ “ನಿನ್ನಿಂದ ಆಗದು” ಎನ್ನುವ ಮೊದಲು “ಬಾಗಿಲು ನೋಡಿದೆಯಾ?” ಎಂದು ಕೇಳಬೇಕು. ಹೊರಗಿನಿಂದ ಒಳಕ್ಕೆ, ಸುಲಭದ್ದರಿಂದ ಕಷ್ಟದ್ದಕ್ಕೆ: ದೋಷ ಹುಡುಕುವ ಕ್ರಮ ಇದೇ. ಆ ಹುಡುಗ ರಾತ್ರಿ ಬೆಸುಗೆ ಕಡ್ಡಿ ಹಿಡಿಯುವ ಮೊದಲು ಪ್ಲಗ್ಗನ್ನು ಒಮ್ಮೆ ಅಲುಗಿಸಿ ನೋಡಿದ್ದರೆ, ಅವನ ಬೋರ್ಡೂ ಉಳಿಯುತ್ತಿತ್ತು, ಧೈರ್ಯವೂ ಉಳಿಯುತ್ತಿತ್ತು.